ವಿಭೂತಿಯ ಕೆಳಗಿನ ನಂಬರು

ಹಳೆಯ ಸೇವಾ ದಾಖಲೆಯ ನಕಲೊಂದು ಬೇಕಾಗಿ ಮೊನ್ನೆ ಆಫೀಸಿಗೆ ಹೋಗಿದ್ದೆ. ನಾನು ಕೂರುತ್ತಿದ್ದ ಜಾಗದಲ್ಲಿ ಈಗ ಒಬ್ಬ ಹುಡುಗಿ ಇದ್ದಾಳೆ, ಹೊಸದಾಗಿ ಸೇರಿದವಳು. ಟೀ ತರಿಸಿಕೊಟ್ಟು ಕೇಳಿದಳು: "ಸಾರ್, ಈ ಸಾಫ್ಟ್‌ವೇರ್ ರಿಜಿಸ್ಟರ್ ಶುರು ಮಾಡಿದ್ದು ನೀವಂತೆ. ಆಗ ನಿಮ್ಮ ಕೆಲಸ ಏನಿತ್ತು?"

"ಹೆದರ್ಕೊಂಡಿರೋದೇ ಕೆಲಸ ಆಗಿತ್ತು ಕಣಮ್ಮ" ಅಂದೆ.

ಅವಳು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ. ಅವಳಿಗೆ ಅವತ್ತು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಬಡ್ತಿಯ ಮಾತು ಇದರಲ್ಲಿ ಬರುವುದಿಲ್ಲ. ಬಂದ ಎರಡು ಬಡ್ತಿಗಳಿಂದ ನನಗೆ ಕುರ್ಚಿ ಬದಲಾಯಿತೇ ಹೊರತು ಬುದ್ಧಿಯೇನೂ ಬರಲಿಲ್ಲ.

ನಮ್ಮದು ತೆಂಗು ಬೆಳೆಗಾರರ ಸಹಕಾರ ಸಂಘ. ಅರಸೀಕೆರೆಯಲ್ಲಿ ಕೇಂದ್ರ ಕಚೇರಿ. ಗಂಡಸಿ, ಬೇಲೂರು, ಹಳೇಬೀಡುಗಳಲ್ಲಿ ಒಂದೊಂದು ಶಾಖೆ. ತೊಂಬತ್ತರ ದಶಕದ ಮೊದಲಲ್ಲಿ ನಾನು ಅಲ್ಲಿಗೆ ಟೈಪಿಸ್ಟ್ ಆಗಿ ಸೇರಿದೆ. ನಮ್ಮ ಕೇರಿಯಲ್ಲಿ ತಿಂಗಳ ಸಂಬಳ ಎಣಿಸಿದ ಮೊದಲನೆಯವನು ನಾನು. ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರು. ನನ್ನ ನೇಮಕಾತಿ ಆದೇಶಕ್ಕೆ ಗಾಜಿನ ಕಟ್ಟು ಹಾಕಿಸಿ ಬುದ್ಧನ ಪಟದ ಪಕ್ಕದಲ್ಲೇ ತೂಗುಹಾಕಿದರು. ಕೆಲಸಕ್ಕೆ ಹೊರಟ ಮೊದಲ ದಿನ ಅವರು ಹೇಳಿದ್ದು ಆಶೀರ್ವಾದದ ಹಾಗಿರಲಿಲ್ಲ.

"ನೋಡು ಸಿದ್ಧರಾಜು, ನೀನೇನಾರ ತಪ್ಪು ಮಾಡಿ ಕೆಲ್ಸ ಕಳ್ಕಂಡ್ರೆ ನಿಂದೊಬ್ಬಂದೇ ಹೋಗಲ್ಲ ಕಣೋ. ಇನ್ಮೇಲೆ ನಮ್ಮೋರ್ನ ಒಬ್ರನ್ನೂ ಒಳೀಕೆ ಬಿಟ್ಕಳಲ್ಲ ಅವ್ರು."

ಆ ಮಾತನ್ನು ನಾನು ನಿವೃತ್ತಿಯ ದಿನದವರೆಗೂ ಜೇಬಿನಲ್ಲಿ ಇಟ್ಟುಕೊಂಡೇ ಓಡಾಡಿದೆ.

ದಶಕದ ಕೊನೆಗೆ ಸಂಘಕ್ಕೆ ಕಂಪ್ಯೂಟರುಗಳು ಬಂದವು. ಮೊದಲು ನಾಲ್ಕು, ಆಮೇಲೆ ಶಾಖೆಗಳಿಗೂ ಸೇರಿ ಒಟ್ಟು ಹದಿನಾಲ್ಕು. ಯಾರೂ ಹತ್ತಿರ ಹೋಗಲು ತಯಾರಿಲ್ಲ. ನಮ್ಮ ಕಾರ್ಯದರ್ಶಿ ಮೂರ್ತಿಯವರು ಒಳ್ಳೆಯ ಮನುಷ್ಯರು, ಆದರೆ ಜವಾಬ್ದಾರಿ ಅಂದರೆ ಬಿಸಿ ಪಾತ್ರೆ ಹಿಡಿದವರ ಹಾಗೆ ತಕ್ಷಣ ಇನ್ನೊಬ್ಬರ ಕೈಗೆ ದಾಟಿಸಿಬಿಡುವವರು. ನನ್ನನ್ನು ಕರೆದು, "ನೀವು ಟೈಪಿಸ್ಟ್ ಅಲ್ವೇನ್ರೀ? ಇದೂ ಟೈಪೇ. ನೀವೇ ನೋಡ್ಕೊಳಿ" ಅಂದರು. ಅಲ್ಲಿಗೆ ಕಂಪ್ಯೂಟರ್ ವಿಭಾಗದ ಉದ್ಘಾಟನೆ ಮುಗಿಯಿತು. ಡಬ್ಬಗಳ ಜೊತೆ ಬಂದ ದಪ್ಪ ಪುಸ್ತಕಗಳನ್ನೂ ಲೈಸೆನ್ಸ್ ಕಾಗದಗಳನ್ನೂ ಎಲ್ಲಿಡುವುದೆಂದು ನಾನು ಕೇಳುವಷ್ಟರಲ್ಲಿ ಅಟೆಂಡರ್ ನಿಂಗಯ್ಯ ಅವುಗಳನ್ನು ಗೋಡೌನಿಗೆ ಒಯ್ದು, ಕೊಬ್ಬರಿ ತೂಗುವ ತಕ್ಕಡಿ ಅಲುಗಾಡದಂತೆ ಅದರ ಕಾಲಿನ ಕೆಳಗೆ ಕೊಟ್ಟುಬಿಟ್ಟಿದ್ದ. ತಕ್ಕಡಿ ಅದರಿಂದ ಚೆನ್ನಾಗಿಯೇ ನಿಂತಿತು.

ಈಗಿನವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಸಾಫ್ಟ್‌ವೇರ್ ಕೊಂಡರೆ ಕೈಗೆ ಬರುವುದು ಅದನ್ನು ಒಂದು ಯಂತ್ರದಲ್ಲಿ ಬಳಸುವ ಹಕ್ಕು ಮಾತ್ರ. ಕಾಗದಗಳು ತಕ್ಕಡಿಯ ಪಾಲಾದ ಮೇಲೆ ಆ ಹಕ್ಕಿಗೆ ನಮ್ಮಲ್ಲಿ ಉಳಿದ ಗುರುತು ಒಂದೇ, ಪ್ರತಿ ಯಂತ್ರದ ಪಕ್ಕೆಗೆ ಅಂಟಿಸಿ ಬಂದಿದ್ದ ಹೊಳೆಯುವ ಸ್ಟಿಕ್ಕರ್ ಮತ್ತು ಅದರ ಮೇಲಿದ್ದ ಉದ್ದನೆಯ ನಂಬರು. ಯಂತ್ರ ಕೆಟ್ಟು ಮತ್ತೆ ಸಾಫ್ಟ್‌ವೇರ್ ಹಾಕಬೇಕಾದರೆ ಆ ನಂಬರು ಬೇಕು. ಇದು ಕದ್ದದ್ದಲ್ಲ, ನಮ್ಮದೇ ಎಂದು ತೋರಿಸಲಿಕ್ಕೂ ಅದೇ ಬೇಕು. ವರ್ಷಕ್ಕೊಮ್ಮೆ ಮೂರ್ತಿಯವರು ನನ್ನ ಮುಂದೆ ಒಂದು ಕಾಗದ ಇಡುತ್ತಿದ್ದರು. ಕಚೇರಿಯ ಸಾಫ್ಟ್‌ವೇರ್‌ಗಳೆಲ್ಲಕ್ಕೂ ಪರವಾನಗಿ ಇದೆಯೆಂಬ ಪ್ರಮಾಣಪತ್ರ ಅದು. ನಾನು ರುಜು ಹಾಕುತ್ತಿದ್ದೆ. ಎಲ್ಲಕ್ಕೂ ಇದೆಯೇ ಎಂದು ನಾನೆಂದೂ ಎಣಿಸಿ ನೋಡಿರಲಿಲ್ಲ.

ಇನ್ನು ಆಯುಧ ಪೂಜೆ. ನಮ್ಮ ಅಧ್ಯಕ್ಷರು ರುದ್ರಪ್ಪನವರು ಕೊಬ್ಬರಿ ವ್ಯಾಪಾರದಲ್ಲಿ ಹೆಸರು ಮಾಡಿದವರು, ಮಠಕ್ಕೆ ನಡೆದುಕೊಳ್ಳುವವರು. ಎತ್ತರದ ಆಳು, ಗಡಸು ದನಿ. ಕಾರ್ಯದರ್ಶಿಯೊಬ್ಬರನ್ನು ಬಿಟ್ಟು ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸುತ್ತಿದ್ದರು, ನನ್ನನ್ನಂತೂ "ಏನ್ಲಾ ಕಂಪ್ಯೂಟರು" ಎಂದೇ. ಪೂಜೆಯ ದಿನ ತಕ್ಕಡಿ, ಬೀರು, ಜೀಪು ಎಲ್ಲಕ್ಕೂ ಅವರೇ ಕೈಯಾರೆ ವಿಭೂತಿ ಹಚ್ಚಬೇಕು. ಮೊದಲ ವರ್ಷ ಕಂಪ್ಯೂಟರಿನ ಮುಂದೆ ಬಂದಾಗ ಅವರ ಕೈ ತಡೆಯಿತು. ಮುಂದುಗಡೆ ನೋಡಿದರೆ ಬರೀ ಗುಂಡಿಗಳು. ನಿಂಗಯ್ಯ ಪಕ್ಕೆಯಲ್ಲಿ ಫಳಫಳ ಹೊಳೆಯುತ್ತಿದ್ದ ಸ್ಟಿಕ್ಕರ್ ತೋರಿಸಿ, "ಬುದ್ಧಿ, ಇದೇ ಇದ್ರ ಹಣೆ ಇದ್ದಂಗೈತೆ" ಅಂದ. ಅಧ್ಯಕ್ಷರಿಗೆ ಒಪ್ಪಿಗೆಯಾಯಿತು. ವಿಭೂತಿಯನ್ನು ನೀರಲ್ಲಿ ತೇದು ಮೂರು ಬೆರಳಲ್ಲಿ ಅಡ್ಡಕ್ಕೆ ಎಳೆದು, ನಡುವೆ ಕುಂಕುಮದ ಬೊಟ್ಟಿಟ್ಟರು. ಮುಂದಿನ ವರ್ಷ ಹಳೆಯದನ್ನು ಒದ್ದೆ ಬಟ್ಟೆಯಲ್ಲಿ ತಿಕ್ಕಿ ಒರೆಸಿ ಹೊಸದಾಗಿ ಹಚ್ಚಿದರು. ಅಧ್ಯಕ್ಷರು ಮಾಡಿದ್ದೇ ಶಾಖೆಗಳಲ್ಲೂ ಪದ್ಧತಿಯಾಯಿತು.

ನಾನು ಪೂಜೆಯ ದಿನ ಬಾಗಿಲ ಹತ್ತಿರ ನಿಲ್ಲುತ್ತಿದ್ದೆ. ನಮ್ಮ ಮನೆಯಲ್ಲಿ ಪೂಜೆಯಿಲ್ಲ. ನಿಲ್ಲಬೇಡ ಎಂದು ಯಾರೂ ಹೇಳಿರಲಿಲ್ಲ, ಒಳಗೆ ಬಾ ಎಂದೂ ಕರೆದಿರಲಿಲ್ಲ. ಮೊದಲ ವರ್ಷವೇ ನನಗೆ ಗೊತ್ತಾಗಿತ್ತು, ಅಲ್ಲಿ ನಂಬರಿದೆ, ಹೀಗೇ ಆದರೆ ಅಳಿಸಿಹೋಗುತ್ತದೆ ಎಂದು. "ಅಲ್ಲಿ ಹಚ್ಚಬೇಡಿ ಸಾರ್" ಎಂಬ ಮಾತು ಗಂಟಲಲ್ಲೇ ಇತ್ತು. ಯಾರು ಹೇಳಿದ್ದು ಎಂದು ಎಲ್ಲರೂ ಬಾಗಿಲ ಕಡೆ ತಿರುಗಿ ನೋಡಿದರೆ? ವಿಭೂತಿ ಬೇಡ ಅನ್ನುವುದಕ್ಕೆ ಇವನ್ಯಾರು ಅಂದರೆ? ಬಾಯಿ ಮುಚ್ಚಿಕೊಂಡೆ. ಎರಡನೆಯ ವರ್ಷವೂ ಮುಚ್ಚಿಕೊಂಡೆ. ಹಾಗೆ ನಾಲ್ಕು ವರ್ಷ.

ಅದರ ಫಲ ಮೊದಲು ಕಂಡದ್ದು ಬೇಲೂರಿನಲ್ಲಿ. ಅಲ್ಲಿನ ಶಾಖೆಯ ಒಂದು ಕಂಪ್ಯೂಟರ್ ಒಂದು ಬೆಳಿಗ್ಗೆ ಕಣ್ಣೇ ಬಿಡಲಿಲ್ಲ. ಬಸ್ಸು ಹತ್ತಿ ಓಡಿದೆ. ಎಲ್ಲ ಹೊಸದಾಗಿ ಹಾಕಬೇಕು, ನಂಬರು ಹೇಳಿ ಅಂದ ರಿಪೇರಿಯವನು. ಪಕ್ಕೆ ನೋಡಿದರೆ ಬೂದಿಬಣ್ಣದ ಮಚ್ಚೆ ಬಿಟ್ಟು ಏನೂ ಇಲ್ಲ. ಅವನೇ ಕೈಚೀಲದಿಂದ ಮೇಲೆ ಏನೂ ಬರೆದಿರದ ನಕಲಿ ಸಿಡಿಯೊಂದನ್ನು ತೆಗೆದು, "ಎಲ್ಲಾ ಕಡೆ ಇದೇ ಹಾಕೋದು ಸಾರ್, ಯೋಚ್ನೆ ಮಾಡ್ಬೇಡಿ" ಅಂದ. ಹಾಕಿಸಿದೆ. ಅದರ ಜೊತೆ ವೈರಸ್ಸೂ ಬಂದು ಕೂತಿತು. ವಾರದೊಳಗೆ ಸದಸ್ಯರ ಪಟ್ಟಿಯಲ್ಲಿ ಅರ್ಧಕ್ಕರ್ಧ ಹೆಸರುಗಳು ಮಾಯ.

ಮತ್ತೆ ಬೇಲೂರಿಗೆ ಓಡಿದ ದಿನ, ಕಾಯಿ ತಂದು ಸಾಲಲ್ಲಿ ನಿಂತಿದ್ದ ಒಬ್ಬ ಅಜ್ಜಿಗೆ, ನಿಮ್ಮ ಹೆಸರು ಸಿಗುತ್ತಿಲ್ಲ ಅಂದೆ. ಅವಳು ಪರದೆಯನ್ನು ಒಮ್ಮೆ, ನನ್ನನ್ನೊಮ್ಮೆ ನೋಡಿ ಕೇಳಿದಳು: "ನಾನು ಸತ್ತೋಗಿವ್ನಿ ಅಂತ ಐತಾ ಮಗಾ ಅದ್ರಾಗೆ?"

"ಇಲ್ಲಜ್ಜಿ, ಕರೆಂಟಿನ ತೊಂದ್ರೆ" ಅಂದೆ. ಸುಳ್ಳು ಹೇಳಿದೆ. ಮೂರ್ತಿಯವರಿಗೂ ಅದೇ ಸುಳ್ಳನ್ನೇ ಹೇಳಿದೆ. ಹಳೆಯ ಕೈಬರಹದ ಪುಸ್ತಕ ನೋಡಿಕೊಂಡು ಹನ್ನೊಂದು ದಿನ ಕೂತು ಹೆಸರುಗಳನ್ನು ಮತ್ತೆ ಟೈಪ್ ಮಾಡಿದೆ. ಅಜ್ಜಿಯ ಹೆಸರನ್ನು ಎಲ್ಲಕ್ಕಿಂತ ಮೊದಲು ಸೇರಿಸಿದೆ.

ಅದಾದ ಮೇಲೆ ಆಡಳಿತ ಮಂಡಳಿಗೆ ಒಂದು ಟಿಪ್ಪಣಿ ಬರೆದೆ. ಯಾವ ಯಂತ್ರದಲ್ಲಿ ಯಾವ ಸಾಫ್ಟ್‌ವೇರ್ ಇದೆ, ಅದರ ಲೈಸೆನ್ಸ್ ಎಲ್ಲಿದೆ ಎಂದು ಬರೆದಿಡಲು ಒಂದು ರಿಜಿಸ್ಟರ್ ಬೇಕು, ಕಾಗದಗಳಿಗೆ ಬೀಗವಿರುವ ಬೀರು ಬೇಕು, ಇಲ್ಲದ ಲೈಸೆನ್ಸ್‌ಗಳನ್ನು ಕೊಳ್ಳಬೇಕು, ತಿಂಗಳಿಗೆ ಎರಡು ದಿನ ಇದನ್ನೇ ನೋಡಿಕೊಳ್ಳಲು ಒಬ್ಬರಿಗೆ ಸಮಯ ಕೊಡಬೇಕು ಎಂದು ಹತ್ತು ಪುಟ. ಯಾವುದೋ ಇಂಗ್ಲಿಷ್ ಪತ್ರಿಕೆಯಿಂದ ದೊಡ್ಡ ದೊಡ್ಡ ಪದಗಳನ್ನೂ ಎತ್ತಿ ತುಂಬಿದ್ದೆ. ರುದ್ರಪ್ಪನವರು ಮೊದಲ ಪುಟ ಓದಿ ಸಭೆಗೆ ಹೇಳಿದರು: "ಕಣ್ಣಿಗೆ ಕಾಣ್ದೇ ಇರೋದ್ನ ಕಾಯಕ್ಕೆ ಆಳು ಬೇಕಂತೆ, ಬೀರು ಬೇಕಂತೆ! ಏನ್ಲಾ ಕಂಪ್ಯೂಟರು, ದೆವ್ವ ಸಾಕ್ತಾ ಇದೀಯೇನ್ಲಾ?" ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದು ಹೊರಗೆ ಬಂದೆ.

ಹೊಸದಾಗಿ ಬರುವವರೇ, ಇದನ್ನು ಗಮನಿಸಿ. ನನ್ನ ಟಿಪ್ಪಣಿಯಲ್ಲಿ ಮುಂದೆ ಆಗುವ ಲಾಭಗಳೆಲ್ಲ ಇದ್ದವು, ಬೇಲೂರಿನ ಅಜ್ಜಿ ಇರಲಿಲ್ಲ. ಆದ ತಪ್ಪನ್ನು ಮುಚ್ಚಿಟ್ಟುಕೊಂಡು ಅದಕ್ಕೆ ಮದ್ದು ಕೇಳಿದರೆ ಯಾರೂ ಕೊಡುವುದಿಲ್ಲ.

ಮುಂದಿನ ಬೇಸಿಗೆಯಲ್ಲಿ ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ಲಕೋಟೆ ಬಂತು. ಸಾಫ್ಟ್‌ವೇರ್ ಕಂಪನಿಯೊಂದರ ಪರವಾಗಿ ವಕೀಲರು ಬರೆದ ಪತ್ರ. ನಿಮ್ಮಲ್ಲಿರುವ ಯಂತ್ರಗಳ ಪಟ್ಟಿಯನ್ನೂ ಪ್ರತಿಯೊಂದರ ಲೈಸೆನ್ಸ್ ನಂಬರನ್ನೂ ಮೂರು ವಾರದೊಳಗೆ ಕಳಿಸಿ, ಅಗತ್ಯ ಬಿದ್ದರೆ ನಮ್ಮವರು ಬಂದು ಪರಿಶೀಲಿಸುತ್ತಾರೆ, ವ್ಯತ್ಯಾಸ ಕಂಡರೆ ಕಾನೂನು ಕ್ರಮ, ಇಷ್ಟೇ. ಮೂರ್ತಿಯವರು ಅದನ್ನು ನಿಂತುಕೊಂಡೇ ಎರಡು ಸಲ ಓದಿದರು. ಆಮೇಲೆ ಪ್ರಮಾಣಪತ್ರಗಳ ಫೈಲು ತೆಗೆದು ನನ್ನ ಮುಂದಿಟ್ಟು ಮೆಲ್ಲಗೆ ಹೇಳಿದರು: "ನಾಲ್ಕು ವರ್ಷದ್ದಕ್ಕೂ ಸೈನ್ ಹಾಕಿರೋದು ನೀವು ಕಣ್ರೀ, ಸಿದ್ಧರಾಜು."

ಅವತ್ತಿನಿಂದ ಆಫೀಸಿನ ಮುಂದೆ ಜೀಪು ನಿಂತರೂ ಎದ್ದು ಕಿಟಕಿಯಲ್ಲಿ ಇಣುಕುತ್ತಿದ್ದೆ. ಎಲ್ಲೋ ಕಂಪ್ಯೂಟರ್ ಅಂಗಡಿಗೆ ಪೊಲೀಸರು ನುಗ್ಗಿ ಯಂತ್ರಗಳನ್ನೂ ಮಾಲೀಕನನ್ನೂ ಒಟ್ಟಿಗೆ ಹತ್ತಿಸಿಕೊಂಡು ಹೋದರಂತೆ ಎಂಬ ಸುದ್ದಿ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಿವಿಗೆ ಬಿತ್ತು. ನಿಜವೋ ಸುಳ್ಳೋ ಇವತ್ತಿಗೂ ಗೊತ್ತಿಲ್ಲ. ಮನೆಯಲ್ಲಿ ಗೋಡೆಯ ಮೇಲಿನ ನೇಮಕಾತಿ ಆದೇಶದ ಕಟ್ಟು ನೋಡಲಾಗದೆ ಆ ಕಡೆ ಬೆನ್ನು ಮಾಡಿ ಉಣ್ಣಲು ಕೂರುತ್ತಿದ್ದೆ. ಹೆಂಡತಿ ಸುಮಿತ್ರಾ ಎರಡು ದಿನ ನೋಡಿ ಕೇಳಿಯೇಬಿಟ್ಟಳು. ಎಲ್ಲ ಹೇಳಿದೆ.

"ಅಳ್ಸೋಗಿರೋದು ಎಷ್ಟು, ಉಳ್ದಿರೋದು ಎಷ್ಟು ಅಂತ ನೋಡಿದ್ರಾ?" ಅಂದಳು.

ನೋಡಿರಲಿಲ್ಲ. ಹೆದರಿಕೆಯಲ್ಲಿ ಎಣಿಸುವುದನ್ನೇ ಮರೆತಿದ್ದೆ.

ಮರುದಿನ ಕೇಂದ್ರ ಕಚೇರಿಯಿಂದಲೇ ಶುರು ಮಾಡಿದೆ. ಮೊದಲ ಯಂತ್ರದ ವಿಭೂತಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಬೂದಿಯ ಜೊತೆ ಅಕ್ಷರಗಳೂ ಬಟ್ಟೆಗೆ ಬಂದವು. ಇದ್ದ ಸಾಕ್ಷಿಯನ್ನು ನನ್ನ ಕೈಯಿಂದಲೇ ಅಳಿಸಿಹಾಕಿದ್ದೆ! ಬಟ್ಟೆ ಕೆಳಗಿಟ್ಟೆ. ಉಳಿದವನ್ನು ಮುಟ್ಟುವ ಧೈರ್ಯ ಬರಲಿಲ್ಲ. ಗಂಡಸಿ ಶಾಖೆಗೆ ಹೋಗಿ ಬರಿಗಣ್ಣಲ್ಲಿ ನೋಡಿ ಬಂದೆ, ಬೇಲೂರಿಗೆ ಹೋಗಿ ಹಾಗೆಯೇ ನೋಡಿದೆ, ಅಲ್ಲಿಂದ ಹಳೇಬೀಡಿಗೆ ಬಸ್ಸು ಹಿಡಿದೆ.

ಹಳೇಬೀಡು ಶಾಖೆಯನ್ನು ನೋಡಿಕೊಳ್ಳುತ್ತಿದ್ದವರು ಪದ್ಮಮ್ಮ. ಪಕ್ಕದ ಬಸ್ತಿಹಳ್ಳಿಯವರು, ಮಾತು ಕಡಿಮೆ, ಕೈ ಶುದ್ಧ. ನನ್ನ ಕತೆಯೆಲ್ಲ ಕೇಳಿ, "ನೀರು ಮುಟ್ಟಿಸ್ಬಾರ್ದಾಗಿತ್ತು ಸಾರ್" ಅಂದರು. ಒಣಗಿದ ಮೆತ್ತನೆಯ ಬ್ರಷ್ಷಿನಿಂದ ಮೊದಲು ಬೂದಿಯನ್ನು ಉದುರಿಸಿದರು. ಆಮೇಲೆ ಹತ್ತಿಯ ತುದಿಗೆ ಒಂದೇ ತೊಟ್ಟು ಕೊಬ್ಬರಿ ಎಣ್ಣೆ ಮುಟ್ಟಿಸಿ, ಗಟ್ಟಿಯಾಗಿದ್ದ ಕುಂಕುಮವನ್ನು ತಿಕ್ಕದೆ ಒತ್ತಿ ಒತ್ತಿ ಎತ್ತಿದರು. ನಾನು ಬಗ್ಗಿ ನೋಡುತ್ತಿದ್ದೆ. ಒಂದು ಅಕ್ಷರ ಕಂಡಿತು. ಪಕ್ಕದಲ್ಲಿ ಇನ್ನೊಂದು.

"ನಾಲ್ಕು ವರ್ಷ ತೊಳ್ದೂ ತೊಳ್ದೂ ಸವ್ದಿದೆ. ಎಲ್ಲಾದೂ ಬರತ್ತೆ ಅಂತ ಹೇಳಕ್ಕಾಗಲ್ಲ ಸಾರ್" ಅಂದರು.

ಅವರನ್ನು ಜೊತೆಗೆ ಕರೆದುಕೊಂಡೇ ಉಳಿದ ಊರುಗಳನ್ನು ಸುತ್ತಿದೆ. ಹದಿನಾಲ್ಕರಲ್ಲಿ ಒಂಬತ್ತು ಓದಲು ಬಂದವು. ಐದು ಬರಲಿಲ್ಲ. ತಕ್ಕಡಿಯ ಕಾಲ ಕೆಳಗಿನ ಕಾಗದಗಳನ್ನು ಎಳೆದು ನೋಡಿದರೆ ಗೆದ್ದಲು ನನಗಿಂತ ಮುಂಚೆ ಓದಿ ಮುಗಿಸಿತ್ತು. ಇವಲ್ಲದೆ, ಸ್ಟಿಕ್ಕರ್ ಇಲ್ಲದೆ ನಕಲಿ ಸಿಡಿಯಿಂದ ಹಾಕಿಸಿದ್ದ ಬೇರೆ ಸಾಫ್ಟ್‌ವೇರ್‌ಗಳೂ ಇದ್ದವು.

ವಿಶೇಷ ಸಭೆ ಕರೆದರು. ಈ ಸಲ ಹತ್ತು ಪುಟ ಬರೆಯಲಿಲ್ಲ, ಒಂದೇ ಹಾಳೆ. ಯಂತ್ರ ಯಾವುದು, ಅದರೊಳಗೆ ಏನಿದೆ, ಅದಕ್ಕೆ ಸಾಕ್ಷಿ ಎಲ್ಲಿದೆ, ಹೀಗೆ ಮೂರು ಕಾಲಂ. ಸಾಕ್ಷಿಯಿಲ್ಲದ ಕಡೆ ಕೆಂಪು ಮಸಿ. ಕೊನೆಯಲ್ಲಿ ಬೇಲೂರಿನ ಅಜ್ಜಿಯ ವಿಷಯ. ಸಭೆಯ ಬಾಗಿಲಲ್ಲಿ ಮೂರ್ತಿಯವರು ನನ್ನ ತೋಳು ಹಿಡಿದು ಪಿಸುಗುಟ್ಟಿದರು: "ಕಂಪ್ಯೂಟರ್ ಕೊಟ್ಟೋನೇ ಮೋಸ ಮಾಡ್ದ ಅಂದ್ಬಿಡಿ. ವಿಭೂತಿ ಮಾತು ಮಾತ್ರ ಎತ್ಬೇಡಿ, ನಿಮ್ಮ ದಮ್ಮಯ್ಯ."

ಹಾಳೆ ಕೈಯಿಂದ ಕೈಗೆ ಹೋಯಿತು. ಈ ಸಲ ಯಾರೂ ನಗಲಿಲ್ಲ. ರುದ್ರಪ್ಪನವರು ಕನ್ನಡಕ ಏರಿಸಿಕೊಂಡು ಕೆಂಪು ಗುರುತುಗಳನ್ನು ಒಂದೊಂದಾಗಿ ನೋಡಿದರು.

"ಈ ಐದಕ್ಕೆ ನಂಬರು ಇರ್ಲೇ ಇಲ್ವೇನ್ಲಾ?"

"ಇತ್ತು ಸಾರ್. ಅಳ್ಸೋಗೈತೆ."

"ಹೆಂಗೆ ಅಳ್ಸೋಯ್ತು?"

ಮೂರ್ತಿಯವರು ಮೇಜನ್ನೇ ನೋಡುತ್ತಿದ್ದರು. ಮೋಸಗಾರ ವ್ಯಾಪಾರಿಯ ಕತೆ ನಾಲಿಗೆಯ ತುದಿಯಲ್ಲಿ ತಯಾರಾಗಿತ್ತು, ಹೇಳಿದರೆ ಎಲ್ಲರೂ ನಂಬುತ್ತಿದ್ದರು. ಅಪ್ಪನ ಮಾತು ನೆನಪಾಯಿತು. ತಪ್ಪು ಮಾಡಿದರೆ ಎಂದಿದ್ದರು ಅಪ್ಪ. ತಪ್ಪು ಆಗಲೇ ನಾಲ್ಕು ಸಲ ಮಾಡಿ ಮುಗಿಸಿದ್ದೆ.

"ಆಯುಧ ಪೂಜೇಲಿ ಅದ್ರ ಮೇಲೇ ವಿಭೂತಿ ಹಚ್ತಾ ಇದ್ದದ್ದು ಸಾರ್" ಅಂದೆ. ನನ್ನ ದನಿ ನನಗೇ ಬೇರೆಯವರದ್ದೆಂಬಂತೆ ಕೇಳಿಸಿತು. "ಹಚ್ಚಿದ್ದು ನಿಮ್ಮ ತಪ್ಪಲ್ಲ. ಅಲ್ಲಿ ನಂಬರಿರೋದು ನಿಮಗೆ ಗೊತ್ತಿರ್ಲಿಲ್ಲ. ನನಗೆ ಮೊದಲ್ನೇ ವರ್ಷದಿಂದ್ಲೂ ಗೊತ್ತಿತ್ತು. ಹೇಳ್ಲಿಲ್ಲ."

"ಯಾಕ್ ಹೇಳ್ಲಿಲ್ಲ?"

"ಹೆದ್ರಿಕೆ ಸಾರ್."

"ಯಾರ್ಗೆ?"

"ನಿಮಗೆ."

ಅವರ ಮುಖ ಕಪ್ಪಿಟ್ಟಿತು. ಕೆಲಸ ಹೋಯಿತು ಎಂದೇ ಅಂದುಕೊಂಡೆ. ಮೇಜಿನ ಅಂಚು ಹಿಡಿದುಕೊಂಡೆ. ಮಾತು ಶುರುವಾದ ಮೇಲೆ ನಿಲ್ಲಿಸುವುದೂ ನನ್ನಿಂದಾಗಲಿಲ್ಲ. "ಸಾರ್, ನಿಮ್ಮ ಕೊಬ್ಬರಿ ಮಂಡಿಗೆ ಬರೋ ಪ್ರತಿ ಚೀಲದ ಮೇಲೂ ಯಾರದ್ದು ಅಂತ ಮಸಿಯಲ್ಲಿ ಗುರ್ತು ಇರತ್ತೆ. ಗುರ್ತಿಲ್ಲದ ಐದು ಚೀಲ ನಿಮ್ಮ ಗೋಡೌನಲ್ಲಿ ಸಿಕ್ಕಿದ್ರೆ ಊರೋರು ಏನಂತಾರೆ?"

ಅವರು ಹಾಳೆಯ ಕೆಂಪು ಗುರುತಿನ ಮೇಲೆ ಹೆಬ್ಬೆರಳಿಟ್ಟು ಉಜ್ಜಿದರು, ಅದೂ ಅಳಿಸುತ್ತದೆಯೋ ಎಂದು ನೋಡುವವರಂತೆ.

"ರುದ್ರಪ್ಪ ಕಳ್ಳ ಅಂತಾರೆ" ಅಂದರು ಕೊನೆಗೆ. ಆಮೇಲೆ ಮೂರ್ತಿಯವರ ಕಡೆ ತಿರುಗಿ, "ಇವ್ನು ಕೇಳಿದ್ದೆಲ್ಲ ಬರ್ಕಳಿ. ಬೀರು, ಪುಸ್ತಕ, ಎಲ್ಲಾನೂ. ಆ ವಕೀಲಂಗೆ ಇದ್ದದ್ದು ಇದ್ದಂಗೇ ಬರೀರಿ" ಎಂದು ಎದ್ದುಹೋದರು. ನನ್ನ ಮುಖ ನೋಡಲಿಲ್ಲ.

ಒಂಬತ್ತಕ್ಕೆ ಸಾಕ್ಷಿಯಿದೆ, ಐದಕ್ಕೆ ಇಲ್ಲ, ಬೇರೆ ಇಂಥಿಂಥವು ಲೈಸೆನ್ಸ್ ಇಲ್ಲದೆ ಬಳಕೆಯಲ್ಲಿದ್ದವು, ತೆಗೆದುಹಾಕಿದ್ದೇವೆ, ಬೇಕಾದದ್ದನ್ನು ಕೊಳ್ಳುತ್ತಿದ್ದೇವೆ ಎಂದು ಬರೆದು ಕಳಿಸಿದೆವು. ಕೆಳಗೆ ನನ್ನ ರುಜು. ಉತ್ತರ ಬರಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ನಾನು ಅಂಚೆಯವನ ಸೈಕಲ್ಲಿನ ಸದ್ದನ್ನು ಬೀದಿಯ ಆ ತುದಿಯಿಂದಲೇ ಗುರುತು ಹಿಡಿಯುವಷ್ಟು ಕಿವಿ ಕೊಟ್ಟಿದ್ದೆ. ಕೊನೆಗೆ ಬಂದದ್ದು ಎರಡೇ ಸಾಲು: ಕೊಂಡ ರಸೀದಿ ತಲುಪಿದೆ, ಈ ವಿಷಯವನ್ನು ಮುಕ್ತಾಯಗೊಳಿಸಲಾಗಿದೆ. ಮೂರ್ತಿಯವರು ಅದನ್ನು ಓದಿ ನಿಂಗಯ್ಯನನ್ನು ಕರೆದು ಎಲ್ಲರಿಗೂ ಕಾಫಿ ಹೇಳಿದರು. ನಾನು ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡೆ, ಅತ್ತದ್ದು ಯಾರಿಗೂ ಕಾಣದಿರಲಿ ಎಂದು.

ರುದ್ರಪ್ಪನವರು ಮಾತ್ರ ಆ ಸಭೆಯ ನಂತರ ನನ್ನೊಡನೆ ಒಂದು ಮಾತೂ ಆಡಿರಲಿಲ್ಲ. "ಏನ್ಲಾ ಕಂಪ್ಯೂಟರು" ಕೂಡ ನಿಂತುಹೋಗಿತ್ತು. ಬೈದಿದ್ದರೆ ಎಷ್ಟೋ ವಾಸಿ. ಏನು ಮನಸ್ಸಿನಲ್ಲಿಟ್ಟುಕೊಂಡಿದ್ದಾರೋ ಎಂದು ನಾನು ದಿನವೂ ಕಾಯುತ್ತಿದ್ದೆ.

ಹಾಗಿರುವಾಗ ಆಯುಧ ಪೂಜೆ ಬಂತು. ನಾನು ಎಂದಿನಂತೆ ಬಾಗಿಲ ಹತ್ತಿರ ನಿಂತಿದ್ದೆ. ತಕ್ಕಡಿಯಾಯಿತು, ಬೀರುಗಳಾದವು, ಲೈಸೆನ್ಸ್ ಕಾಗದಗಳ ಹೊಸ ಬೀರಿಗೂ ಆಯಿತು. ಅಧ್ಯಕ್ಷರು ವಿಭೂತಿಯ ತಟ್ಟೆ ಹಿಡಿದು ಮೊದಲ ಕಂಪ್ಯೂಟರಿನ ಮುಂದೆ ಬಂದರು. ಮೂರು ಬೆರಳು ಒದ್ದೆ ಮಾಡಿಕೊಂಡರು. ಕೈ ಎತ್ತಿದರು. ಹಾಗೇ ನಿಂತರು.

ರುದ್ರಪ್ಪನವರು ಕೈ ಇಳಿಸದೆಯೇ ಕತ್ತು ತಿರುಗಿಸಿ ಜನರ ನಡುವೆ ಹುಡುಕಿ, ಬಾಗಿಲ ಬಳಿಯಿದ್ದ ನನ್ನನ್ನು ನೋಡಿದರು. ಅವರೊಂದಿಗೆ ಎಲ್ಲರೂ ತಿರುಗಿ ನೋಡಿದರು. ನಾಲ್ಕು ವರ್ಷ ಯಾವುದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆನೋ ಅದೇ ನಡೆಯುತ್ತಿತ್ತು.

"ಸಿದ್ಧರಾಜು ಅವ್ರೇ, ಅಲ್ಯಾಕೆ ನಿಂತಿದೀರಿ?" ಅಂದರು. "ಎಲ್ಲಿ ಹಚ್ಬೇಕು, ಬಂದು ತೋರ್ಸಿ."

ಬಾಗಿಲಿನಿಂದ ಆ ಮೇಜಿನವರೆಗೆ ಹತ್ತು ಹೆಜ್ಜೆ. ಹೋಗಿ, ಯಂತ್ರದ ನೆತ್ತಿಯ ಮೇಲೆ ಏನೂ ಬರೆದಿರದ ಜಾಗದಲ್ಲಿ ಬೆರಳಿಟ್ಟು ತೋರಿಸಿದೆ.